ದೋಣಿಯ ಜಿಗುಟಿಗೆ ಹಾರ್ಡನರ್ ಮದ್ದಲ್ಲ

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯಲು ಪ್ಲೈವುಡ್ ದೋಣಿ ಮಾಡಿಕೊಂಡಿದ್ದೇನೆ. ಎಪಾಕ್ಸಿಯಲ್ಲಿ (ರಾಳ, ಹಾರ್ಡನರ್ ಎಂಬ ಎರಡು ದ್ರವ ಕಲಸಿದ ಅಂಟು) ಫೈಬರ್ ಬಟ್ಟೆ ಅಂಟಿಸಿ ಐದು ದಿನವಾದರೂ ಜಿಗುಟು ಹೋಗಿಲ್ಲ. ಬೇಗ ಒಣಗಲೆಂದು ಅಂಗಡಿಯವರ ಮಾತು ಕೇಳಿ ಹಾರ್ಡನರ್ ದುಪ್ಪಟ್ಟು ಹಾಕಿದ್ದೆ. ಮೇಲೊಂದು ಕೋಟ್ ಹೊಡೆಯಲೇ?
– ಬೀಳಗಿ ತಾಲ್ಲೂಕಿನ ಓದುಗರು

ಉತ್ತರ: ಖಂಡಿತ ಬೇಡ. ಈ ಬೇಸಿಗೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಎಪಾಕ್ಸಿ ಬಣ್ಣದಂತೆ ಒಣಗುವುದಿಲ್ಲ. ರಾಳ ಮತ್ತು ಹಾರ್ಡನರ್ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಡಬ್ಬಿಯ ಮೇಲೆ 100 ಗ್ರಾಂ ರಾಳಕ್ಕೆ 10 ಗ್ರಾಂ ಎಂದಿರುವಲ್ಲಿ 20 ಸುರಿದರೆ, ಹೆಚ್ಚಾದ ಹಾರ್ಡನರ್ ಬೆಸೆಯಲು ರಾಳ ಸಿಗದೆ ಒಳಗೇ ಜಿಗುಟಾಗಿ ಉಳಿಯುತ್ತದೆ. ಫೈಬರಿಗೆ ಬಳಸುವ ಇನ್ನೊಂದು ಬಗೆಯಾದ ಪಾಲಿಯೆಸ್ಟರ್ ರಾಳದಲ್ಲಿ ನೂರಕ್ಕೆ ಒಂದೆರಡು ಪಾಲು ಕ್ಯಾಟಲಿಸ್ಟ್ (ಗಟ್ಟಿಯಾಗಲು ಚಾಲನೆ ಕೊಡುವ ದ್ರವ) ಹಾಕುತ್ತಾರೆ, ತುಸು ಹೆಚ್ಚಿಸಿದರೆ ಬೇಗ ಗಟ್ಟಿಯಾಗುವುದೂ ನಿಜ. ಆ ರೂಢಿಯನ್ನು ಎಪಾಕ್ಸಿಗೆ ಹೇಳಿಕೊಡುವವರು ನಿಮ್ಮ ದುಡ್ಡನ್ನೂ ದೋಣಿಯನ್ನೂ ಹಾಳು ಮಾಡುತ್ತಿದ್ದಾರೆ.

ಮೊದಲು ಉಗುರು ಒತ್ತಿ ನೋಡಿ. ಒಳಗೆ ಕಲ್ಲಿನಂತಿದ್ದು ಮೇಲೆ ಮಾತ್ರ ಮೇಣದಂಥ ಪದರವಿದ್ದರೆ ನಿಮ್ಮ ಪುಣ್ಯ. ನೀರು ಹಾಕಿ ತಿಕ್ಕಿ ತೊಳೆದರೆ ಹೋಗುತ್ತದೆ. ತೊಳೆಯುವ ಮೊದಲು ಉಜ್ಜುಕಾಗದ ಮುಟ್ಟಬೇಡಿ. ಉಗುರು ಇಳಿದರೆ ಬಿಸಿಲಿಗಿಟ್ಟು ಕಾಯುವುದು ವ್ಯರ್ಥ. ಬಟ್ಟೆ ಸಮೇತ ಕಿತ್ತು, ಹೆರೆದು, ಅಸಿಟೋನಿನಿಂದ ಒರೆಸಿ, 80 ನಂಬರ್ ಕಾಗದದಲ್ಲಿ ಉಜ್ಜಿ ಮತ್ತೆ ಶುರು ಮಾಡಿ. ಈ ಸಲ ಚಮಚದ ಅಂದಾಜು ಬೇಡ, ಚಿನ್ನ ತೂಗಿದಂತೆ ತಕ್ಕಡಿಯಲ್ಲಿ ತೂಗಿ. ಡಬ್ಬಿಯ ಅಂಚು, ತಳ ಕೆರೆದು ಮೂರು ನಿಮಿಷ ಕಲಸಿ, ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ನಮ್ಮ ಬಾಗಲಕೋಟೆಯ ಬಿಸಿಲಲ್ಲಿ ಡಬ್ಬಿಯಲ್ಲೇ ಬಿಟ್ಟರೆ ಕಾದು ಹೊಗೆಯಾಡುತ್ತದೆ. ಹಚ್ಚುವುದು ಇಳಿಹೊತ್ತಿನಲ್ಲಿ. ಬೆಳಿಗ್ಗೆ ಹಚ್ಚಿದರೆ ಹಲಗೆ ಕಾದಂತೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತವೆ.

ಕೈಗವಸು ಬಿಡಲೇಬೇಡಿ. ವಯಸ್ಸಿನ ಹುಮ್ಮಸ್ಸಿನಲ್ಲಿ ನಾನು ಬಿಟ್ಟಿದ್ದೆ. ಈಗ ಒಂದು ಹನಿ ತಾಗಿದರೂ ಮುಂಗೈ ಕೆಂಪಾಗಿ ತುರಿಸುತ್ತದೆ.

ಪ್ರಶ್ನೆ: ಡಾಂಬರು ಬಳಿದ ಹಳೆಯ ದೋಣಿಗೆ ಫೈಬರ್ ಹಾಕಬಹುದೇ?

ಉತ್ತರ: ಡಾಂಬರಿನ ಮೇಲೆ ಎಪಾಕ್ಸಿ ಕಚ್ಚುವುದಿಲ್ಲ, ಹಲಗೆಯೂ ಅದನ್ನು ಕುಡಿದಿರುತ್ತದೆ. ಆ ದೋಣಿಗೆ ಡಾಂಬರೇ ಇರಲಿ.

ಪ್ರಶ್ನೆ: ಎಪಾಕ್ಸಿ ಮೇಲೆ ಬಣ್ಣ ಬೇಕೇ?

ಉತ್ತರ: ಬೇಕೇ ಬೇಕು. ಬಿಸಿಲು ಎಪಾಕ್ಸಿಯನ್ನು ತಿನ್ನುತ್ತದೆ.

ಪ್ರಶ್ನೆ: ಬಟ್ಟೆಯ ಬದಲು ಅಗ್ಗದ ಮ್ಯಾಟ್ (ಫೈಬರಿನ ತುಂಡು ಎಳೆಗಳನ್ನು ಅಂಟಿನಿಂದ ಕೂಡಿಸಿದ ಹಾಸು) ನಡೆಯುತ್ತದೆಯೇ?

ಉತ್ತರ: ಸಾಮಾನ್ಯ ಮ್ಯಾಟಿನ ಅಂಟು ಪಾಲಿಯೆಸ್ಟರಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ನೇಯ್ದ ಬಟ್ಟೆಯನ್ನೇ ತನ್ನಿ.