ನೋವು ಮೊಣಕಾಲಿಗೆ, ವ್ಯಾಯಾಮ ಚಪ್ಪೆಗೆ ಯಾಕೆ?

ಪ್ರಶ್ನೆ: ನನಗೆ 57 ವರ್ಷ. ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಊರು. ಚಿಕ್ಕಂದಿನಿಂದ ಭತ್ತದ ನಾಟಿ ಕೆಲಸ. ಈಗ ಬಲ ಮೊಣಕಾಲು ನೋವು. ಎಕ್ಸ್‌ರೇ ನೋಡಿದ ಡಾಕ್ಟರು ಸವೆತ ಅಂದರು. ಫಿಸಿಯೋಥೆರಪಿಯವರು ಮಗ್ಗುಲಾಗಿ ಮಲಗಿ ಕಾಲೆತ್ತುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಅದು ಚಪ್ಪೆಗೆ, ಅಂದರೆ ತೊಡೆ ಸೊಂಟಕ್ಕೆ ಸೇರುವ ಜಾಗಕ್ಕಂತೆ! ನೋವು ಇರುವುದು ಮೊಣಕಾಲಿಗಲ್ಲವೇ? ಇನ್ನೊಂದು, ‘ವಾಲಾಡಬೇಡ, ನೆಟ್ಟಗೆ ನಡಿ’ ಅಂತ ಮಗಳು ದಿನಾ ಹೇಳುತ್ತಾಳೆ. ನೆಟ್ಟಗೆ ನಡೆದರೆ ನೋವು ಹೆಚ್ಚು. ಏನು ಮಾಡಲಿ?

ಉತ್ತರ: ಅವರು ಹೇಳಿಕೊಟ್ಟದ್ದು ಸರಿಯಾಗಿದೆ, ದಯವಿಟ್ಟು ಬಿಡಬೇಡಿ.

ನಡೆಯುವಾಗ ಒಂದು ಕಾಲು ಎತ್ತಿದ ಕೂಡಲೇ ಮೈಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಆಗ ಸೊಂಟ ಎತ್ತಿದ ಕಾಲಿನ ಕಡೆಗೆ ಕುಸಿಯದಂತೆ ಹಿಡಿಯುವುದು, ಊರಿದ ಕಾಲಿನ ಚಪ್ಪೆಯ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಮೊಣಕಾಲು ಸವೆದವರಲ್ಲಿ ಈ ಸ್ನಾಯು ಸೊರಗಿರುವುದು ಸಾಮಾನ್ಯ. ನೋವಿಗೆ ಹೆದರಿ ಓಡಾಟ ಕಡಿಮೆ ಮಾಡಿದಷ್ಟೂ ಇನ್ನೂ ಸೊರಗುತ್ತದೆ.

ಒಂದು ಮಾತು ಬಿಡಿಸಿ ಹೇಳಬೇಕು. ಚಪ್ಪೆ ಗಟ್ಟಿಯಾದರೆ ಮೊಣಕಾಲಿನ ಒಳಬದಿಯ ಹೊರೆ ಇಳಿಯುತ್ತದೆ ಎಂದು ತಜ್ಞರು ಅಂದುಕೊಂಡಿದ್ದರು. ಸವೆತ ಹೆಚ್ಚಾಗಿ ಆಗುವುದು ಅಲ್ಲೇ. ವ್ಯಾಯಾಮ ಮಾಡಿಸಿ, ನಡಿಗೆ ಅಳೆದು ನೋಡಿದಾಗ ಹೊರೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ನೋವು ತಗ್ಗಿತ್ತು, ಕುರ್ಚಿಯಿಂದ ಏಳುವಂಥ ಕೆಲಸ ಹಗುರಾಗಿತ್ತು. ಸವೆದ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಹೊದಿಕೆ) ಮತ್ತೆ ಬೆಳೆಯುತ್ತದೆಂಬ ಆಸೆ ಬೇಡ. ನೋವು ಇಳಿದು ಓಡಾಡುವಂತಾಗುವುದೇ ದೊಡ್ಡ ಲಾಭ ಎಂಬುದು ನನ್ನ ಅಭಿಪ್ರಾಯ.

ಎಡ ಮಗ್ಗುಲಲ್ಲಿ ಮಲಗಿ, ಕೆಳಗಿನ ಕಾಲು ಮಡಚಿ. ಮೇಲಿನ ಕಾಲು ನೆಟ್ಟಗೆ, ಮೈಗಿಂತ ಸ್ವಲ್ಪ ಹಿಂದಕ್ಕೆ ಇರಲಿ. ಬೆರಳುಗಳು ಎದುರಿಗೆ ನೋಡುತ್ತಿರಲಿ. ಒಂದಡಿಯಷ್ಟು ಎತ್ತಿ, ಐದು ಎಣಿಸಿ, ನಿಧಾನಕ್ಕೆ ಇಳಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಮೈ ಹಿಂದಕ್ಕೆ ವಾಲಿ, ಬೆರಳು ಸೂರಿನ ಕಡೆ ತಿರುಗಿ, ಕಾಲು ಮುಂದಕ್ಕೆ ಬಂದುಬಿಡುತ್ತದೆ. ಆಗ ದುಡಿಯುವುದು ತೊಡೆಯ ಮುಂಭಾಗ, ಚಪ್ಪೆಯಲ್ಲ. ಗೋಡೆಗೆ ಬೆನ್ನು ಹಚ್ಚಿ ಮಲಗಿದರೆ ಈ ತಪ್ಪು ಆಗುವುದಿಲ್ಲ. ಹತ್ತು ಸಲ, ಎರಡೂ ಕಾಲಿಗೆ, ವಾರಕ್ಕೆ 3–4 ದಿನ. ಗುಣ ಕಾಣಲು 8ರಿಂದ 12 ವಾರ ಬೇಕು. ತೊಡೆಯ ವ್ಯಾಯಾಮ ಹೇಳಿಕೊಟ್ಟಿದ್ದರೆ ಅದನ್ನೂ ಮಾಡಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ದಿನಕ್ಕೂ ನೋವು ಏರಿಯೇ ಇದ್ದರೆ ಎಣಿಕೆ ಕಡಿಮೆ ಮಾಡಿ.

ಇನ್ನು ವಾಲಾಟ. ನೋಯುವ ಕಾಲು ಊರಿದಾಗ ಮೈಯನ್ನು ಅದೇ ಕಡೆಗೆ ವಾಲಿಸಿದರೆ ಮೊಣಕಾಲಿನ ಒಳಬದಿಯ ಹೊರೆ ತಗ್ಗುತ್ತದೆ. ಇದು ದೇಹ ತಾನೇ ಕಂಡುಕೊಂಡ ಉಪಾಯ, ಮಗಳಿಗೆ ತಿಳಿಸಿ ಹೇಳಿ. ಆದರೆ ವಾಲಿ ವಾಲಿ ನಡೆದರೆ ಬೇಗ ದಣಿವಾಗುತ್ತದೆ. ಅದರ ಬದಲು ಎಡಗೈಯಲ್ಲಿ ಕೋಲು ಹಿಡಿಯಿರಿ, ಬಲಗಾಲಿನ ಜೊತೆಗೇ ಅದನ್ನೂ ಊರಿ. ನೋಯುವ ಕಡೆಯ ಕೈಗೇ ಕೋಲು ಕೊಡುವುದು ಎಲ್ಲ ಕಡೆ ಕಾಣುವ ತಪ್ಪು.

ಅಂಜನಾದ್ರಿಯ 575 ಮೆಟ್ಟಿಲು ಸದ್ಯಕ್ಕೆ ಬೇಡ. ಮನೆಯ ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಮೊಣಕಾಲು ಬಾತು ಬಿಸಿಯಾದರೆ, ಜ್ವರ ಬಂದರೆ, ಮಡಚಿದ ಕಾಲು ಬಿಡಿಸಲು ಬಾರದಿದ್ದರೆ ವ್ಯಾಯಾಮ ನಿಲ್ಲಿಸಿ, ತಡಮಾಡದೆ ಡಾಕ್ಟರಿಗೆ ತೋರಿಸಿ.