ಕುಡಿಯೋದಿಲ್ಲ, ಎಸ್‌ಜಿಪಿಟಿ ನಾರ್ಮಲ್. ಆದರೂ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬಂದಿದೆ. ರಿಪೋರ್ಟ್ ತಪ್ಪಾ? ಬಯಾಪ್ಸಿ ಬೇಕಾ?

ರಿಪೋರ್ಟ್ ತಪ್ಪಿರಲಿಕ್ಕಿಲ್ಲ ಸರ್. ನಾನು ಜಮಖಂಡಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಎಸ್‌ಜಿಪಿಟಿ ಸರಿಯಾಗಿದ್ದೂ ಲಿವರ್‌ನಲ್ಲಿ ಕೊಬ್ಬು ಇರುವವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಎಸ್‌ಜಿಪಿಟಿ ಅಂದರೆ ಲಿವರಿನ ಒಂದು ಎನ್‌ಜೈಮ್. ಅದು ರಕ್ತಕ್ಕೆ ಸೋರುವುದು ಲಿವರಿನ ಜೀವಕೋಶಕ್ಕೆ ಪೆಟ್ಟು ಬಿದ್ದಾಗ. ಕೊಬ್ಬು ಸುಮ್ಮನೆ ಕೂತಿದ್ದರೆ ಏರಲೇಬೇಕೆಂದಿಲ್ಲ.

ಗ್ರೇಡ್ ಹೇಗೆ ಬರೆಯುತ್ತಾರೆ ನೋಡಿ. ಪರದೆಯ ಮೇಲೆ ಲಿವರನ್ನು ಪಕ್ಕದ ಬಲ ಕಿಡ್ನಿಯ ಜೊತೆ ಹೋಲಿಸುತ್ತಾರೆ. ಕಿಡ್ನಿಗಿಂತ ಬೆಳ್ಳಗೆ ಕಂಡರೆ ಗ್ರೇಡ್ 1. ಒಳಗಿನ ರಕ್ತನಾಳದ ಅಂಚು ಮಸುಕಾದರೆ 2. ಹಿಂದಿನ ಭಾಗವೇ ಕಾಣದಿದ್ದರೆ 3. ಕಣ್ಣಂದಾಜು ಇದು, ಒಬ್ಬರು 1 ಅಂದದ್ದನ್ನು ಇನ್ನೊಬ್ಬರು 2 ಅನ್ನಬಹುದು. ಮುಖ್ಯವಾಗಿ, ಇದು ಹೇಳುವುದು ಕೊಬ್ಬನ್ನಷ್ಟೇ. ಲಿವರ್ ಗಟ್ಟಿಯಾಗಿ ಗಾಯದ ಕಲೆ ಕಟ್ಟುವುದಕ್ಕೆ ಫೈಬ್ರೋಸಿಸ್ ಅನ್ನುತ್ತಾರೆ. ಅದು ಇದೆಯೋ ಇಲ್ಲವೋ ಗ್ರೇಡ್‌ನಿಂದ ತಿಳಿಯುವುದಿಲ್ಲ. ಮುಂದೆ ತೊಂದರೆ ಕೊಡುವುದು ಆ ಕಲೆ. ಜನ ಗ್ರೇಡ್ ನೋಡಿ ಹೆದರಿ ಲಿವರ್ ಟಾನಿಕ್ ಬಾಟಲಿ ಹಿಡಿದು ಹೋಗುತ್ತಾರೆ, ಫೈಬ್ರೋಸಿಸ್ ಬಗ್ಗೆ ಕೇಳುವವರೇ ಇಲ್ಲ.

ಅದಕ್ಕೆ ಫಿಬ್-4 ಅಂತ ಒಂದು ಲೆಕ್ಕ ಇದೆ, ಹೊಸ ಟೆಸ್ಟ್ ಬೇಕಿಲ್ಲ. ವಯಸ್ಸನ್ನು ಎಸ್‌ಜಿಓಟಿಯಿಂದ (ಎಸ್‌ಜಿಪಿಟಿ ಥರದ್ದೇ ಇನ್ನೊಂದು ಎನ್‌ಜೈಮ್) ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದಲ್ಲಿ ಬರೆದು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನೀವು ಬರೆದ ಪ್ರಕಾರ ವಯಸ್ಸು 48, ಎಸ್‌ಜಿಓಟಿ 32, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 2.4 ಲಕ್ಷ, ಅಂದರೆ 240 ಸಾವಿರ. 1536 ಭಾಗಿಸು 1440, ಅಂದರೆ 1.07. 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. 2.67 ದಾಟಿದ್ದರೆ ಲಿವರ್ ತಜ್ಞರ ಹತ್ತಿರ ಹೋಗಲೇಬೇಕಿತ್ತು. ನಡುವೆ ಬಂದವರಿಗೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಬರೆಯುತ್ತಾರೆ, ಬೆಳಗಾವಿ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಅದರಲ್ಲೂ ಸ್ಪಷ್ಟವಾಗದಿದ್ದರೆ ಆಮೇಲೆ ಬಯಾಪ್ಸಿ, ಅಂದರೆ ಲಿವರಿನ ಚೂರು ತೆಗೆದು ನೋಡುವ ಮಾತು. ನಿಮಗೆ ಈಗ ಅದರ ಅಗತ್ಯ ಕಾಣಿಸುತ್ತಿಲ್ಲ. (35ರ ಒಳಗಿನವರಿಗೆ ಈ ಲೆಕ್ಕ ಅಷ್ಟು ನಂಬಿಕೆಗೆ ಬರಲ್ಲ. 65 ದಾಟಿದವರಿಗೆ 1.3ರ ಬದಲು 2.0 ಹಿಡಿಯುತ್ತಾರೆ.)

ಇನ್ನು ‘ಕುಡಿಯೋದಿಲ್ಲ’ ಅನ್ನುವ ಮಾತು. ನಿಮ್ಮನ್ನು ಅನುಮಾನಿಸುತ್ತಿಲ್ಲ, ಆದರೆ ಹೆಂಡತಿ ಪಕ್ಕದಲ್ಲಿ ಕೂತಾಗ ‘ಮುಟ್ಟೂದೇ ಇಲ್ರೀ’ ಅಂದು, ಆಮೇಲೆ ಒಬ್ಬರೇ ಒಳಗೆ ಬಂದು ‘ದಿನಾ ಒಂದು ನೈಂಟಿ ಅಷ್ಟ ರೀ’ ಅನ್ನುವವರಿದ್ದಾರೆ. ಫ್ಯಾಟಿ ಲಿವರ್ ಕುಡಿತದಿಂದ ಬಂದದ್ದಲ್ಲ ಅನ್ನಲು ಗಂಡಸರಿಗೆ ದಿನಕ್ಕೆ 30 ಗ್ರಾಂ, ಹೆಂಗಸರಿಗೆ 20 ಗ್ರಾಂ ಆಲ್ಕೋಹಾಲ್ ಮಿತಿ. ಒಂದು ನೈಂಟಿಯಲ್ಲೇ ಸುಮಾರು 30 ಗ್ರಾಂ ಇರುತ್ತದೆ! ಹಾಗಾದರೆ ರೋಗದ ಹೆಸರೇ ಬದಲಾಗುತ್ತದೆ. ಡಾಕ್ಟರಿಗೆ ಮಾತ್ರ ನಿಜ ಹೇಳಿ.

ಹೆಪಟೈಟಿಸ್ ಬಿ, ಸಿ ಟೆಸ್ಟ್ ಒಮ್ಮೆ ಮಾಡಿಸಿ. ಸ್ಟೀರಾಯ್ಡ್ ಮಾತ್ರೆ ಬಹಳ ದಿನ ತಗೊಂಡಿದ್ದರೆ ಅದನ್ನೂ ತಿಳಿಸಿ.

ಶುಗರ್ ಬಗ್ಗೆ ನೀವು ಏನೂ ಬರೆದಿಲ್ಲ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತದ ಟೆಸ್ಟ್) ಮಾಡಿಸಿ. ಶುಗರ್ ಇದ್ದರೆ ಫಿಬ್-4 ಲೆಕ್ಕ 1-2 ವರ್ಷಕ್ಕೊಮ್ಮೆ, ಇಲ್ಲದಿದ್ದರೆ 2-3 ವರ್ಷಕ್ಕೊಮ್ಮೆ ಹಾಕಿಸಿದರೆ ಸಾಕು.