48 ಮತ್ತು 52 ಕೂಡಿಸಿದರೆ 4852 ಯಾಕೆ ಬರುತ್ತೆ?

ರಾಯಚೂರು ಮಾರ್ಕೆಟ್‌ಗೆ ಹೋಗುವ ಹತ್ತಿ ಚೀಲಗಳ ತೂಕ ಕೂಡಿಸೋಕೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ, 48 ಮತ್ತು 52 ಕೊಟ್ಟರೆ 100 ಬರೋ ಬದಲು 4852 ಬರ್ತಿದೆ ಅಂತ ಕೇಳಿದ್ದೀರಿ. ಪೈಥಾನ್ ಕೆಟ್ಟಿಲ್ಲ ಬಿಡಿ.

ಇನ್‌ಪುಟ್ ಫಂಕ್ಷನ್ ನೀವು ಏನೇ ಟೈಪ್ ಮಾಡಿದರೂ ಅದನ್ನು ಅಕ್ಷರ ಅಂತಲೇ ತಗೊಳ್ಳುತ್ತೆ, ಅಂದರೆ ಸ್ಟ್ರಿಂಗ್. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಲೆಕ್ಕ ಆಗಲ್ಲ, ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತೆ. ಹಾಗಾಗಿ ಪೂರ್ತಿ ಇನ್‌ಪುಟ್ ಅನ್ನು ಫ್ಲೋಟ್‌ನ ಬ್ರಾಕೆಟ್ ಒಳಗೆ ಹಾಕಿ, float(input()) ಅಂತ; ಫ್ಲೋಟ್ ಅದನ್ನು ದಶಮಾಂಶವೂ ಇರಬಹುದಾದ ಸಂಖ್ಯೆಯಾಗಿ ಬದಲಿಸುತ್ತೆ. ಪೂರ್ಣ ಸಂಖ್ಯೆಯಾಗಿ ಬದಲಿಸುವ ಇಂಟ್ ಕೂಡ ನಡೆಯುತ್ತೆ, ಆದರೆ ತೂಕ ಯಾವಾಗಲೂ ಪೂರ್ತಿ ಕಿಲೋ ಇರಲ್ಲ ಅಲ್ವಾ? 48.5 ಅಂತ ಕೊಟ್ಟ ತಕ್ಷಣ ಇಂಟ್ ವ್ಯಾಲ್ಯೂ ಎರರ್ ತೋರಿಸಿ ನಿಂತುಬಿಡುತ್ತೆ.

ಇನ್ನೊಂದು ಮಜಾ ಏನಂದ್ರೆ, ಯಾರಾದರೂ ಕನ್ನಡ ಅಂಕಿಯಲ್ಲೇ ೪೮ ಅಂತ ಟೈಪ್ ಮಾಡಿದರೂ ಇಂಟ್, ಫ್ಲೋಟ್ ಎರಡೂ ಅದನ್ನು ಸರಿಯಾಗಿ ಓದುತ್ತವೆ.

ನೀವು ನೋಡಿದ ಯಾವುದಾದರೂ ವಿಡಿಯೋ ಪಾಠದಲ್ಲಿ ಇದೇ ಕೋಡ್ ಸರಿ ಉತ್ತರ ಕೊಟ್ಟಿದ್ದರೆ ಅದು ಬಹುಶಃ ಹಳೆ ಆವೃತ್ತಿಯಾದ ಪೈಥಾನ್ 2ರ ಪಾಠ. ಅಲ್ಲಿ ಇನ್‌ಪುಟ್ ಬೇರೆ ಥರ ಕೆಲಸ ಮಾಡ್ತಿತ್ತು. 2020ರಲ್ಲೇ ಅದಕ್ಕೆ ಸಪೋರ್ಟ್ ನಿಲ್ಲಿಸಿದ್ದಾರೆ, ಸುಮ್ನೆ ಪೈಥಾನ್ 3ರ ಪಾಠ ಹುಡುಕಿಕೊಳ್ಳಿ.